ಪಿಂಗಾಣಿ ಬೊಂಬೆಯನ್ನು ಮೊದಲು ಮಗುಚಿ ನೋಡಿ

ಸೋವಿಯತ್ ರಷ್ಯಾದ ಮೊದಲ ವರ್ಷಗಳ ಪಿಂಗಾಣಿ ತಟ್ಟೆ ಕೈಗೆ ಬಂದರೆ ನಾನು ಮೊದಲು ಅದನ್ನು ಮಗುಚುತ್ತೇನೆ. ಮೇಲಿನ ಚಿತ್ರ ಎಲ್ಲಿಗೂ ಓಡಿಹೋಗಲ್ಲ. ಅಡಿಯಲ್ಲಿ ಎರಡು ಮುದ್ರೆ ಇರುವುದುಂಟು. ಒಂದು ಝಾರ್ ದೊರೆಯದು, ಇನ್ನೊಂದು ಸುತ್ತಿಗೆ, ಕುಡುಗೋಲು, ಹಲ್ಲುಚಕ್ರದ್ದು.

ಇವು ಬಂದದ್ದು ಪೆಟ್ರೋಗ್ರಾಡ್‌ನ, ಅಂದರೆ ಇಂದಿನ ಸೇಂಟ್ ಪೀಟರ್ಸ್‌ಬರ್ಗ್‌ನ, ಪಿಂಗಾಣಿ ಕಾರ್ಖಾನೆಯಿಂದ. ಅದು 1744ರಲ್ಲಿ ಶುರುವಾದದ್ದು. ಅರಮನೆಗೆ ಪಾತ್ರೆ ಮಾಡಿಕೊಡುತ್ತಿತ್ತು. 1918ರಲ್ಲಿ ಹೊಸ ಸರ್ಕಾರದ ಕೈಗೆ ಬಂದಾಗ, ಚಿತ್ರ ಬರೆಯದ ಬಿಳಿ ತಟ್ಟೆಗಳ ರಾಶಿ ಗೋದಾಮಿನಲ್ಲಿತ್ತು. ಅಂತರ್ಯುದ್ಧದ ಕಾಲ, ಎಲ್ಲದಕ್ಕೂ ಬರ. ಅವನ್ನು ಎಸೆಯೋದುಂಟಾ? ಹಳೆ ಮುದ್ರೆ ಗಾಜಿನಂಥ ಹೊಳಪಿನ ಪದರದ ಕೆಳಗಿತ್ತು, ಉಜ್ಜಿದರೆ ಹೋಗುವಂಥದ್ದಲ್ಲ. ಅದರ ಮೇಲೆ ಬಣ್ಣ ಬಳಿದು, ಪಕ್ಕದಲ್ಲಿ ಹೊಸ ಮುದ್ರೆ ಹಾಕಿದರು.

ಬೊಂಬೆಗಳ ಕತೆ ಬೇರೆ. ಕಾರ್ಖಾನೆಯ ಶಿಲ್ಪಿ ನತಾಲ್ಯ ದಾಂಕೊ ಮಾಡಿದ ಬೊಂಬೆಗಳನ್ನು ಹೊಸದಾಗಿ ಅಚ್ಚಿಗೆ ಹೊಯ್ದರು. ಹಾಗಾಗಿ 1919ರ ‘ಬಾವುಟಕ್ಕೆ ಕಸೂತಿ ಹಾಕುವ ಕೆಲಸಗಾರ್ತಿ’ಯ ಅಡಿಯಲ್ಲಿ ಝಾರ್ ಮುದ್ರೆ ಹುಡುಕುತ್ತಾ ಕೂರಬೇಡಿ. ತಟ್ಟೆಯ ನಿಯಮವನ್ನು ಬೊಂಬೆಗೆ ಹಚ್ಚಿ, ಅಸಲಿಯನ್ನೇ ನಕಲಿ ಅನ್ನುವವರಿದ್ದಾರೆ. ಒಂದೇ ಅಚ್ಚಿನ ಎರಡು ಬೊಂಬೆಗಳ ಬಟ್ಟೆಯ ಬಣ್ಣ, ಹೂವು ಬೇರೆಬೇರೆ ಇದ್ದರೂ ಗಾಬರಿ ಬೇಡ. ಬಣ್ಣ ಹಾಕಿದ್ದು ಕೈಯಿಂದ ಅಲ್ವಾ?

ನನಗೆ ಎಲ್ಲಕ್ಕಿಂತ ಇಷ್ಟ ದಾಂಕೊ ಅವರ ಚದುರಂಗ. 1920ರ ದಶಕದ ಆರಂಭದ್ದು. ಕೆಂಪು ಪಡೆಯ ರಾಜ ಸುತ್ತಿಗೆ ಹಿಡಿದ ಕೆಲಸಗಾರ. ಎದುರಿಗೆ ಬಂಡವಾಳಶಾಹಿ ಪಡೆಯ ರಾಜ, ನಿಲುವಂಗಿ ತೊಟ್ಟ ಅಸ್ಥಿಪಂಜರ. ಅವನ ಕಾಲಾಳುಗಳಿಗೆ ಸರಪಳಿ ಬಿಗಿದಿದೆ. ಪ್ರಚಾರವೇನೋ ದುಡಿಯುವವರ ಹೆಸರಲ್ಲಿ. ಆದರೆ ಇಂಥ ಪಿಂಗಾಣಿ ಕೂಲಿಕಾರರ ಮನೆಗೆ ಹೋದದ್ದು ಕಮ್ಮಿ, ಸಂಗ್ರಹಕಾರರ ಕಪಾಟು ಸೇರಿದ್ದೇ ಜಾಸ್ತಿ.

ಇನ್ನು ಜೋಪಾನದ ಮಾತು. ಈ ಬಣ್ಣ, ಚಿನ್ನದ ಗೆರೆ ಎಲ್ಲ ಹೊಳಪಿನ ಪದರದ ಮೇಲೆ ಬರೆದು, ಕಡಿಮೆ ಶಾಖದಲ್ಲಿ ಮತ್ತೊಮ್ಮೆ ಸುಟ್ಟದ್ದು. ಉಜ್ಜಿದರೆ ಸವೆಯುತ್ತದೆ. ಧೂಳಿಗೆ ಮೆತ್ತನೆಯ ಒಣ ಕುಂಚ ಸಾಕು. ಸರಪಳಿಯ ಸಂದಿಗೆ ಸಣ್ಣ ಕುಂಚ ಬೇಕು, ತಾಳ್ಮೆ ಇನ್ನೂ ಜಾಸ್ತಿ ಬೇಕು. ಎತ್ತುವಾಗ ತೋಳು ಹಿಡಿಯಬೇಡಿ. ತೋಳು, ತಲೆಗಳನ್ನು ಬೇರೆ ಅಚ್ಚಿನಲ್ಲಿ ಮಾಡಿ ಅಂಟಿಸಿರುತ್ತಾರೆ, ಮುರಿಯೋದು ಅಲ್ಲೇ. ಒಂದು ಕೈ ಪೀಠದ ಕೆಳಗಿರಲಿ, ಇನ್ನೊಂದು ಬೆನ್ನಿಗೆ.