ಹೆದ್ದಾರಿ ಸಂಖ್ಯೆ ಓದುವುದು ಹೇಗೆ: ರಾಜ್ಯದ 17, ರಾಷ್ಟ್ರದ 275

ಬೆಂಗಳೂರು–ಮೈಸೂರು ರಸ್ತೆ ಬಹುಕಾಲ ರಾಜ್ಯ ಹೆದ್ದಾರಿ 17 ಆಗಿತ್ತು. ಈಗ ಅದು ರಾಷ್ಟ್ರೀಯ ಹೆದ್ದಾರಿ 275ರ ಭಾಗ. ಈ ಎರಡು ಸಂಖ್ಯೆಗಳ ವ್ಯತ್ಯಾಸ ತಿಳಿದರೆ ವಿಷಯದ ಮುಕ್ಕಾಲು ಪಾಲು ಕೈವಶವಾದಂತೆ. 17 ಎಂಬುದು ರಾಜ್ಯದ ಪಟ್ಟಿಯಲ್ಲಿನ ಕ್ರಮಸಂಖ್ಯೆ, ಅಷ್ಟೇ. 275 ಮಾತ್ರ ರಸ್ತೆ ದೇಶದ ಯಾವ ಭಾಗದಲ್ಲಿದೆ, ಯಾವ ಹೆದ್ದಾರಿಯ ಕವಲು ಎಂಬುದನ್ನೂ ಹೇಳುತ್ತದೆ.

ಮೊದಲು ವರ್ಗೀಕರಣ. ರಸ್ತೆಗಳ ಅಭಿವೃದ್ಧಿಗೆಂದು 1927ರಲ್ಲಿ ನೇಮಕವಾದ ಜಯಕರ್ ಸಮಿತಿಯ ಶಿಫಾರಸಿನ ಫಲವಾಗಿ 1929ರಲ್ಲಿ ಕೇಂದ್ರ ರಸ್ತೆ ನಿಧಿ, 1934ರಲ್ಲಿ ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ ಹುಟ್ಟಿದವು. 1943ರಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರುಗಳು ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ಪ್ರಾಂತ್ಯದ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ, ಜಿಲ್ಲಾ ಇತರೆ ರಸ್ತೆ, ಗ್ರಾಮ ರಸ್ತೆ ಎಂದು ವಿಂಗಡಿಸಿದರು. ಇದನ್ನೇ ನಾಗಪುರ ಯೋಜನೆ ಎನ್ನುತ್ತೇವೆ. ಅಲ್ಲಿನ ಪ್ರಾಂತ್ಯದ ಹೆದ್ದಾರಿಯೇ ಇಂದಿನ ರಾಜ್ಯ ಹೆದ್ದಾರಿ.

ಕೇಂದ್ರ, ರಾಜ್ಯಗಳ ನಡುವೆ ಅಧಿಕಾರ ಹಂಚುವ ಸಂವಿಧಾನದ ಏಳನೇ ಅನುಸೂಚಿಯನ್ನೂ ಇಲ್ಲೇ ಸೇರಿಸಿ ಓದಿ. ಸಂಸತ್ತಿನ ಕಾನೂನಿನ ಮೂಲಕ ರಾಷ್ಟ್ರೀಯ ಎಂದು ಘೋಷಿತವಾದ ಹೆದ್ದಾರಿಗಳು ಕೇಂದ್ರಪಟ್ಟಿಯ 23ನೇ ನಮೂದಿನಲ್ಲಿವೆ. ಉಳಿದ ರಸ್ತೆ, ಸೇತುವೆಗಳು ರಾಜ್ಯಪಟ್ಟಿಯ 13ರಲ್ಲಿ. ಕೇಂದ್ರಕ್ಕೆ ಆ ಘೋಷಣೆಯ ಅಧಿಕಾರ ಕೊಟ್ಟದ್ದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ. ರಸ್ತೆ ಯಾರ ಹೊಣೆಯೋ ಸಂಖ್ಯೆಯೂ ಅವರದೇ. ರಸ್ತೆ ಕೈ ಬದಲಾದರೆ ಸಂಖ್ಯೆ ಬದಲಾಗುವುದು ಇದೇ ಕಾರಣಕ್ಕೆ.

ರಾಜ್ಯ ಹೆದ್ದಾರಿಗಳಿಗೆ ಸಂಖ್ಯೆ ಕೊಡುವುದು ಆಯಾ ರಾಜ್ಯ ಸರ್ಕಾರ. ಪ್ರತಿ ರಾಜ್ಯದಲ್ಲೂ ಎಣಿಕೆ ಹೊಸದಾಗಿ ಶುರು. ಕೇರಳದ ರಾಜ್ಯ ಹೆದ್ದಾರಿ 1 ತಿರುವನಂತಪುರದಿಂದ ಅಂಗಮಾಲಿಗೆ ಹೋಗುವ ಎಂ.ಸಿ. ರಸ್ತೆ. ಕರ್ನಾಟಕದ ರಾಜ್ಯ ಹೆದ್ದಾರಿ 1 ಹೊರಡುವುದು ಪಡುಬಿದ್ರಿಯಿಂದ. ಎರಡಕ್ಕೂ ಯಾವ ನಂಟೂ ಇಲ್ಲ. ಆದ್ದರಿಂದ ಪರೀಕ್ಷೆಯ ಉತ್ತರದಲ್ಲಿ ರಾಜ್ಯದ ಹೆಸರಿಲ್ಲದೆ ಬರೀ ಸಂಖ್ಯೆ ಬರೆದರೆ ಅದು ಅಪೂರ್ಣ. ರಸ್ತೆಬದಿಯ ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣವೂ ವರ್ಗ ತಿಳಿಸುತ್ತದೆ: ರಾಷ್ಟ್ರೀಯ ಹೆದ್ದಾರಿಗೆ ಹಳದಿ, ರಾಜ್ಯ ಹೆದ್ದಾರಿಗೆ ಹಸಿರು.

ಇನ್ನು 2010. ಅದಕ್ಕೂ ಮೊದಲು ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆಯಿಂದಲೂ ದಿಕ್ಕು ತಿಳಿಯುತ್ತಿರಲಿಲ್ಲ. ಆ ವರ್ಷ ಕೇಂದ್ರ ಸಾರಿಗೆ ಸಚಿವಾಲಯ ಇಡೀ ಪಟ್ಟಿಗೆ ಹೊಸ ಸಂಖ್ಯೆ ಕೊಟ್ಟಿತು. ಉತ್ತರ–ದಕ್ಷಿಣ ಹೆದ್ದಾರಿಗಳಿಗೆ ಸಮಸಂಖ್ಯೆ. ಪೂರ್ವದಿಂದ ಪಶ್ಚಿಮಕ್ಕೆ ಸರಿದಂತೆ ಏರುತ್ತದೆ. ಪೂರ್ವ–ಪಶ್ಚಿಮ ಹೆದ್ದಾರಿಗಳಿಗೆ ಬೆಸಸಂಖ್ಯೆ. ಉತ್ತರದಿಂದ ದಕ್ಷಿಣಕ್ಕೆ ಇಳಿದಂತೆ ಏರುತ್ತದೆ. ಬಾಯಿಪಾಠ ಮಾಡುವ ಬದಲು ನಕ್ಷೆ ತೆರೆದು ಮೂರು ಗೆರೆ ಹುಡುಕಿ: ಪೂರ್ವ ಕರಾವಳಿಯಲ್ಲಿ 16, ನಡುವೆ ಶ್ರೀನಗರದಿಂದ ಕನ್ಯಾಕುಮಾರಿಗೆ 44, ಪಶ್ಚಿಮ ಕರಾವಳಿಯಲ್ಲಿ 66. ಬೆಸದಲ್ಲಿ 1 ಕಾಶ್ಮೀರದಲ್ಲಿದೆ, 87 ರಾಮೇಶ್ವರದ ಕಡೆ. ಇಷ್ಟು ಚೊಕ್ಕವಾದ ವ್ಯವಸ್ಥೆ ರಾಜ್ಯಗಳಿಗೂ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೂರಂಕಿಯ ಸಂಖ್ಯೆ ಕಂಡರೆ ಕೊನೆಯ ಎರಡು ಅಂಕಿ ನೋಡಿ; ಅದು ಮೂಲ ಹೆದ್ದಾರಿ. ಮೊದಲ ಅಂಕಿ ಇರುವುದು ಒಂದೇ ಮೂಲದ ಕವಲುಗಳನ್ನು ಬೇರೆಬೇರೆಯಾಗಿ ಗುರುತಿಸಲು. 275ರ ಮೂಲ 75, ಅಂದರೆ ಬಂಟ್ವಾಳದಿಂದ ಹಾಸನ, ಬೆಂಗಳೂರು, ಕೋಲಾರದ ಮೂಲಕ ಪೂರ್ವಕ್ಕೆ ಸಾಗುವ ಹೆದ್ದಾರಿ. 275 ಬೆಂಗಳೂರಿನಲ್ಲಿ ಅದರಿಂದ ಬೇರ್ಪಟ್ಟು ಮೈಸೂರು, ಮಡಿಕೇರಿ ದಾಟಿ ಬಂಟ್ವಾಳದಲ್ಲಿ ಮತ್ತೆ ಕೂಡುತ್ತದೆ. ಬೆಳಗಾವಿ–ಪಣಜಿ ರಸ್ತೆಯನ್ನೂ ಗಮನಿಸಿ: ಹಿಂದೆ ಅದು 4ರ ಕವಲಾಗಿ 4ಎ, ಈಗ 48ರ ಕವಲಾಗಿ 748. ಕವಲಿಗೂ ಕವಲೊಡೆದರೆ ಅಕ್ಷರ ಸೇರುತ್ತದೆ. ತೀರ್ಥಹಳ್ಳಿಯಿಂದ ಆಗುಂಬೆ ಇಳಿದು ಉಡುಪಿ ಸೇರುವ ರಸ್ತೆ 169ಎ.

ಗೊಂದಲವಾಗುವ ಒಂದು ಕಡೆ ಇದೆ. 48 ಸಮಸಂಖ್ಯೆ, ಆದರೆ ಬೆಂಗಳೂರಿನಿಂದ ಚೆನ್ನೈಗೆ ಅದು ಪೂರ್ವಕ್ಕೇ ಓಡುತ್ತದೆ. ಸಂಖ್ಯೆ ನಿರ್ಧಾರವಾಗುವುದು ಒಂದು ತುಂಡಿನಿಂದಲ್ಲ, ಪೂರ್ತಿ ಹಾದಿಯಿಂದ. 48ರ ಹಾದಿ ದೆಹಲಿಯಿಂದ ಚೆನ್ನೈವರೆಗೆ. ಒಂದೇ ರಸ್ತೆಗೆ ಎರಡು ಸಂಖ್ಯೆ ಇರುವುದೂ ಉಂಟು: ಬೆಂಗಳೂರು–ಕೃಷ್ಣಗಿರಿ ನಡುವೆ 44 ಮತ್ತು 48 ಜೊತೆಯಾಗಿಯೇ ಸಾಗುತ್ತವೆ.

ಹಳೆಯ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ ಓದುವಾಗ ಮೊದಲು ಇಸವಿ ನೋಡಿ. 2010ಕ್ಕಿಂತ ಹಿಂದಿನ ಬರಹದಲ್ಲಿ ‘ರಾಷ್ಟ್ರೀಯ ಹೆದ್ದಾರಿ 48’ ಎಂದರೆ ಬೆಂಗಳೂರು–ಮಂಗಳೂರು. ‘17’ ಎಂದರೆ ಇಂದಿನ 66, ಕರಾವಳಿಯ ಹೆದ್ದಾರಿ. ವಾರಾಣಸಿ–ಕನ್ಯಾಕುಮಾರಿಯ ‘7’ರ ದಕ್ಷಿಣ ಭಾಗ ಈಗ 44ರಲ್ಲಿ ಸೇರಿದೆ.