ಸೊಂಟದ ಪಕ್ಕದ ನೋವು: ತಿಕ್ಕಿದರೆ ಹೋಗದು, ಎಳೆದರೆ ಹೆಚ್ಚುತ್ತದೆ

ಮಗ್ಗುಲಾಗಿ ಮಲಗಿದರೆ ಸೊಂಟದ ಪಕ್ಕ ಚುಚ್ಚುತ್ತದೆ. ಆ ಕಡೆಯಿಂದ ಈ ಕಡೆಗೆ ಹೊರಳಿದರೂ ಬಿಡುವುದಿಲ್ಲ. ಮೆಟ್ಟಿಲು ಹತ್ತುವಾಗ, ಬಹಳ ಹೊತ್ತು ಕೂತು ಎದ್ದಾಗಿನ ಮೊದಲ ಹೆಜ್ಜೆಗಳಲ್ಲಿ ನೋವು ಏಳುತ್ತದೆ. ನಲವತ್ತು ದಾಟಿದ ಹೆಂಗಸರಲ್ಲಿ ಇದು ತುಂಬಾ ಸಾಮಾನ್ಯ. ಕಾರಣ ಕೇಳಿದರೆ ವಾಯು, ನರ ಹಿಡಿದಿದೆ, ಮೂಳೆ ಸವೆದಿದೆ ಎಂಬ ಉತ್ತರಗಳೇ ಸಿಗುತ್ತವೆ. ಆಮೇಲೆ ಬಿಸಿ ಎಣ್ಣೆ ಹಚ್ಚಿ ನೋವಿನ ಜಾಗವನ್ನೇ ಬಲವಾಗಿ ತಿಕ್ಕಿಸುತ್ತಾರೆ. ತಿಂಗಳುಗಟ್ಟಲೆ ನೋವು ಉಳಿಯಲು ಈ ತಿಕ್ಕಾಟವೂ ಒಂದು ಕಾರಣ.

ಪ್ಯಾಂಟಿನ ಜೇಬಿನ ಕೆಳಗೆ ಕೈಯಿಟ್ಟು ಒತ್ತಿದರೆ ಸಿಗುವ ಗಟ್ಟಿ ಗಂಟು ತೊಡೆಮೂಳೆಯ ಹೊರತುದಿ. ಪಿರ್ರೆಯ ಎರಡು ಸ್ನಾಯುಗಳು, ಗ್ಲೂಟಿಯಸ್ ಮೀಡಿಯಸ್ ಮತ್ತು ಮಿನಿಮಸ್, ತಮ್ಮ ರಜ್ಜುಗಳಿಂದ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿಗಳಿಂದ, ಇದಕ್ಕೇ ಅಂಟಿಕೊಂಡಿವೆ. ನೋವಿನ ಮೂಲ ಹೆಚ್ಚಿನ ಸಲ ಈ ರಜ್ಜುಗಳಲ್ಲಿರುತ್ತದೆ. ಬಹುಕಾಲ ಇದನ್ನು ಪಕ್ಕದ ದ್ರವಚೀಲದ ಊತ, ಅಂದರೆ ಬರ್ಸೈಟಿಸ್, ಎಂದೇ ಕರೆಯುತ್ತಿದ್ದರು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಂಥ ನೋವಿದ್ದ 877 ಮಂದಿಯ ಅಲ್ಟ್ರಾಸೌಂಡ್ ಚಿತ್ರಗಳನ್ನು ಪರಿಶೀಲಿಸಿತು. ಚೀಲ ಊದಿದ್ದು ಐವರಲ್ಲಿ ಒಬ್ಬರಿಗೆ ಮಾತ್ರ.

ಈ ಪುಟ್ಟ ಸ್ನಾಯುಗಳು ಹೊರುವ ಭಾರ ಬೆರಗು ಹುಟ್ಟಿಸುವಂಥದ್ದು. 60 ಕಿಲೋ ತೂಕದವರು ಒಂಟಿಕಾಲಲ್ಲಿ ನಿಂತಾಗ, ನಿಂತ ಕಾಲನ್ನು ಬಿಟ್ಟು ಸುಮಾರು 50 ಕಿಲೋ ದೇಹ ಆ ಕಡೆಯ ಸೊಂಟದ ಕೀಲಿನ ಮೇಲೆ ಕೂರುತ್ತದೆ. ಕೀಲನ್ನು ತಕ್ಕಡಿಯ ನಡುಮೊಳೆ ಎಂದುಕೊಳ್ಳಿ. ಆದರೆ ಇದರ ಕೋಲಿನ ಎರಡು ಕಡೆಗಳೂ ಸಮವಲ್ಲ. ದೇಹದ ಭಾರ ಮೊಳೆಯಿಂದ ಸುಮಾರು 10 ಸೆಂ.ಮೀ. ಒಳಗಡೆ ಜಗ್ಗುತ್ತದೆ, ಸ್ನಾಯು ಹಿಡಿದಿರುವುದು ಬರೀ 5 ಸೆಂ.ಮೀ. ಹೊರಗಡೆ. ಹಾಗಾಗಿ ಅದು ಸುಮಾರು 100 ಕಿಲೋ ಬಲದಿಂದ ಎಳೆಯಲೇಬೇಕು. ಎರಡೂ ಸೇರಿ ಕೀಲಿನ ಮೇಲೆ 150 ಕಿಲೋ ಬೀಳುತ್ತದೆ. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಒಂದು ಗಳಿಗೆ ನಾವು ಒಂಟಿಕಾಲಲ್ಲೇ ಇರುತ್ತೇವೆ.

ಸ್ನಾಯು ಸೋತರೆ ಎತ್ತಿದ ಕಾಲಿನ ಕಡೆ ಸೊಂಟ ಕುಸಿಯುತ್ತದೆ. ಇದನ್ನು ಗುರುತಿಸಿದವರು ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಷ್ ಟ್ರೆಂಡೆಲೆನ್‌ಬರ್ಗ್, 1895ರಲ್ಲಿ. ಎಕ್ಸ್-ರೇ ಪತ್ತೆಯಾದದ್ದು ಆ ವರ್ಷದ ನವೆಂಬರಿನಲ್ಲಿ. ಹುಟ್ಟಿನಿಂದಲೇ ಸೊಂಟದ ಕೀಲು ತಪ್ಪಿದವರ ನಡಿಗೆಯನ್ನು ಬರಿಗಣ್ಣಿನಲ್ಲಿ ನೋಡುತ್ತಲೇ, ಆ ತೂಗಾಟಕ್ಕೆ ಸ್ನಾಯುವಿನ ದೌರ್ಬಲ್ಯ ಕಾರಣವೆಂದು ಅವರು ಹೇಳಿದರು. ಇಂದಿಗೂ ಫಿಸಿಯೋಥೆರಪಿಸ್ಟ್ ಮೊದಲು ಮಾಡಿಸುವುದು ಅದನ್ನೇ: ಗೋಡೆಗೆ ಬೆರಳು ತಾಗಿಸಿ 30 ಸೆಕೆಂಡ್ ಒಂಟಿಕಾಲಲ್ಲಿ ನಿಲ್ಲುವುದು. ಅಷ್ಟರೊಳಗೆ ಗಂಟಿನ ಬಳಿ ಅದೇ ನೋವು ಬಂದರೆ ರಜ್ಜುವಿನ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ತೊಡೆಸಂದಿಯಲ್ಲಿ ನೋವಿದ್ದು ಕಾಲುಚೀಲ ಹಾಕಲು ಕಷ್ಟವಾದರೆ ಕೀಲನ್ನೇ ನೋಡಬೇಕು. ಮಂಡಿಯ ಕೆಳಗೆ ಜೋಮು ಇಳಿದರೆ ಬೆನ್ನುಮೂಳೆಯನ್ನು.

ಇನ್ನು ಒತ್ತಡದ ವಿಷಯ. ತೊಡೆಯ ಹೊರಮೈಯಲ್ಲಿ ಮಂಡಿಯವರೆಗೆ ಇಳಿಯುವ ದಪ್ಪ ಪಟ್ಟಿಯೊಂದಿದೆ. ಕಾಲು ದೇಹದ ನಡುಗೆರೆಯನ್ನು ದಾಟಿ ಒಳಕ್ಕೆ ಬಂದಾಗಲೆಲ್ಲ ಈ ಪಟ್ಟಿ ಬಿಗಿದು ರಜ್ಜುವನ್ನು ಗಂಟಿಗೆ ಅದುಮುತ್ತದೆ. ಬೇಲೂರಿನ ಮದನಿಕೆಯರ ನಿಲುವನ್ನು ನೆನೆಯಿರಿ: ಭಾರವೆಲ್ಲ ಒಂದೇ ಕಾಲಿನ ಮೇಲೆ, ಸೊಂಟ ಪಕ್ಕಕ್ಕೆ ಹೊರಳಿದೆ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡಾಗ, ಬಸ್ಸಿಗೆ ಕಾಯುವಾಗ ನಾವು ನಿಲ್ಲುವುದೂ ಹೀಗೆಯೇ. ಕಾಲ ಮೇಲೆ ಕಾಲು ಹಾಕಿ ಕೂರುವುದು, ಮಗ್ಗುಲಾಗಿ ಮಲಗಿ ಮೇಲಿನ ಮಂಡಿಯನ್ನು ಹಾಸಿಗೆಗೆ ಇಳಿಬಿಡುವುದು ಕೂಡ ಇದೇ ಅದುಮು. "ಹಿಡಿದುಕೊಂಡಿದೆ, ಎಳೆದು ಬಿಡಿಸಬೇಕು" ಎಂದು ಮಂಡಿಯನ್ನು ಎದುರು ಭುಜದ ಕಡೆ ಎಳೆಯುವ ಸ್ಟ್ರೆಚಿಂಗ್ ಅಂತೂ ನೇರ ಹಾನಿ, ದಯವಿಟ್ಟು ನಿಲ್ಲಿಸಿ.

ಆದ್ದರಿಂದ ಮೊದಲ ಚಿಕಿತ್ಸೆ ಭಂಗಿಯದು. ಎರಡೂ ಕಾಲಿನ ಮೇಲೆ ಸಮನಾಗಿ ನಿಲ್ಲಿ. ಮಲಗುವಾಗ ಎರಡು ಮಂಡಿಗಳ ನಡುವೆ ಮಾತ್ರವಲ್ಲ, ಪಾದಗಳ ನಡುವೆಯೂ ದಿಂಬು ಇರಲಿ. ಊರುಗೋಲು ಬೇಕಾದರೆ ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಿರಿ. ಇದನ್ನು ಬಹುತೇಕರು ತಲೆಕೆಳಗು ಮಾಡುತ್ತಾರೆ. ಆ ಕೈ ಕೀಲಿನಿಂದ ಸುಮಾರು 40 ಸೆಂ.ಮೀ. ದೂರವಿರುವುದರಿಂದ 5 ಕಿಲೋ ಊರಿದರೂ ಸ್ನಾಯುವಿನ ಎಳೆತ 40 ಕಿಲೋದಷ್ಟು ತಗ್ಗುತ್ತದೆ. ತರಕಾರಿ ಚೀಲ ಮಾತ್ರ ನೋವಿರುವ ಕಡೆಯ ಕೈಯಲ್ಲೇ ಇರಲಿ.

ಎರಡನೆಯದು ಭಾರ. ಪೂರ್ತಿ ವಿಶ್ರಾಂತಿ ಕೊಟ್ಟರೆ ರಜ್ಜು ಇನ್ನೂ ಬಲಹೀನವಾಗುತ್ತದೆ. ಅಂಗಾತ ಮಲಗಿ, ಮಂಡಿಗಳ ಕೆಳಗೆ ದಿಂಬಿಟ್ಟು, ತೊಡೆಗಳ ಸುತ್ತ ಬೆಲ್ಟ್ ಕಟ್ಟಿ, ಮೆಲ್ಲಗೆ ಹೊರಕ್ಕೆ ಒತ್ತಿ 10 ಸೆಕೆಂಡ್ ಹಿಡಿಯಿರಿ. ಐದು ಸಲ, ದಿನಕ್ಕೆ ಎರಡು ಬಾರಿ. ಆಮೇಲೆ ಮಂಡಿ ಮಡಚಿ ಸೊಂಟ ಎತ್ತುವ ಬ್ರಿಜ್, ಹತ್ತು ಸಲ. ನಂತರ ಕುರ್ಚಿಯಿಂದ ಎದ್ದು ಕೂರುವುದು. ಮಂಡಿ ಒಳಕ್ಕೆ ವಾಲದೆ ಪಾದದ ನೇರಕ್ಕಿರಬೇಕು. ಕೊನೆಗೆ 10 ರಿಂದ 15 ಸೆಂ.ಮೀ. ಎತ್ತರದ ಮೆಟ್ಟಿಲು ಮತ್ತು ರಬ್ಬರ್ ಬ್ಯಾಂಡ್ ಹಾಕಿ ಪಕ್ಕಕ್ಕೆ ಹೆಜ್ಜೆ. ಮಾಡುವಾಗ ತುಸು ನೋವಾದರೆ ಹೆದರಬೇಕಿಲ್ಲ. ಆ ರಾತ್ರಿ ಅಥವಾ ಮರುದಿನ ಬೆಳಿಗ್ಗೆ ಹೆಚ್ಚಾದರೆ ಪ್ರಮಾಣವನ್ನು ಅರ್ಧಕ್ಕಿಳಿಸಿ. ಎಷ್ಟೋ ಜನ ಎಡವುವುದು ಮೂರನೇ ವಾರದಲ್ಲಿ, ನೋವು ತಗ್ಗಿತೆಂದು ಒಮ್ಮೆಲೇ ಬೆಟ್ಟ ಹತ್ತಲು ಹೊರಟಾಗ.

ಆಸ್ಟ್ರೇಲಿಯಾದಲ್ಲಿ 204 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಿಳಿವಳಿಕೆ ಜೊತೆಗೆ ವ್ಯಾಯಾಮ ಪಡೆದವರಲ್ಲಿ ಶೇ. 77 ಮಂದಿ ಎಂಟು ವಾರಕ್ಕೆ ಸುಧಾರಿಸಿದ್ದೇವೆ ಎಂದರು. ಸ್ಟೀರಾಯ್ಡ್ ಇಂಜೆಕ್ಷನ್ ಪಡೆದವರಲ್ಲಿ ಶೇ. 58, ಸುಮ್ಮನೆ ಕಾದವರಲ್ಲಿ ಶೇ. 29. ವರ್ಷ ಕಳೆದಾಗ ಮೊದಲೆರಡು ಗುಂಪುಗಳ ನೋವಿನ ತೀವ್ರತೆ ಹೆಚ್ಚುಕಡಿಮೆ ಒಂದೇ ಆಗಿತ್ತಾದರೂ, ಸುಧಾರಿಸಿದ್ದೇವೆ ಎಂದವರು ವ್ಯಾಯಾಮದ ಗುಂಪಿನಲ್ಲೇ ಹೆಚ್ಚು.

ವಯಸ್ಸಾದವರು ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ನೋವಿನ ಜೊತೆ ಜ್ವರ ಇದ್ದರೆ, ಸ್ಟೀರಾಯ್ಡ್ ಮಾತ್ರೆಗಳನ್ನು ಬಹುಕಾಲ ನುಂಗಿದವರಿಗೆ ತೊಡೆಸಂದಿ ನೋವು ಶುರುವಾದರೆ ವ್ಯಾಯಾಮಕ್ಕೆ ಕೈಹಾಕದೆ ಮೊದಲು ಮೂಳೆ ವೈದ್ಯರನ್ನು ಕಾಣಿರಿ.