ಹತ್ತು ನಿಮಿಷದ ಇಂಟರ್‌ವಲ್‌ಗೆ ಹೊಟ್ಟೆ ಕರಗುತ್ತದೆಯೇ?

ಪ್ರಶ್ನೆ: ನನಗೆ 44 ವರ್ಷ. ಹಾಸನದಲ್ಲಿ ಅಂಗಡಿ ಇಟ್ಟುಕೊಂಡಿದ್ದೀನಿ. ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಸ್ಟೇಡಿಯಂನಲ್ಲಿ ಒಂದು ಗಂಟೆ ವಾಕಿಂಗ್ ಮಾಡ್ತೀನಿ. ಮೊದಲು ಮೂರು ಕೆಜಿ ಇಳೀತು, ಆಮೇಲೆ ನಿಂತೇ ಹೋಯ್ತು. ಹೊಟ್ಟೆಯಂತೂ ಇದ್ದ ಹಾಗೇ ಇದೆ. ಇಂಟರ್‌ವಲ್ ಟ್ರೈನಿಂಗ್ ಮಾಡಿದ್ರೆ ಹತ್ತೇ ನಿಮಿಷ ಸಾಕು, ಆಮೇಲೆ ಇಡೀ ದಿನ ಕೊಬ್ಬು ಕರಗ್ತಾನೇ ಇರುತ್ತೆ ಅಂತ ಮೊಬೈಲ್‌ನಲ್ಲಿ ನೋಡ್ದೆ. ನಿಜಾನಾ ಸಾರ್? ನಾನು ಮಾಡಬಹುದಾ?

ಉತ್ತರ: ಮಾಡಬಹುದು, ಖಂಡಿತ ಮಾಡಿ. ಅದರಿಂದ ನಿಮ್ಮ ದಮ್ಮು ಹೆಚ್ಚುತ್ತದೆ, ಹೃದಯಕ್ಕೆ ಕಸುವು ಬರುತ್ತದೆ. ಹೊಟ್ಟೆಯ ಲೆಕ್ಕ ಮಾತ್ರ ಬೇರೆ ಕಡೆ ಇದೆ.

ಇಂಟರ್‌ವಲ್ ಅಂದರೆ ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ನಿಧಾನ, ಮತ್ತೆ ಜೋರು. ಒಂದೇ ಸಮನೆ ಓಡಿದರೆ ಎರಡು ನಿಮಿಷಕ್ಕೇ ಸೋತು ನಿಲ್ಲುವವರು, ನಡುನಡುವೆ ಸುಧಾರಿಸಿಕೊಂಡರೆ ಅದೇ ವೇಗದಲ್ಲಿ ಒಟ್ಟು ಹತ್ತು ನಿಮಿಷದಷ್ಟು ಓಡಬಲ್ಲರು. ಹೃದಯಕ್ಕೆ ನಿಜವಾದ ಕೆಲಸ ಬೀಳುವುದು ಆ ಜೋರಿನ ಹೊತ್ತಿನಲ್ಲಿ. ಓಟಗಾರರಿಗೆ ಇದು ಹಳೆಯ ವಿದ್ಯೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್, ಮ್ಯಾರಥಾನ್ ಮೂರನ್ನೂ ಗೆದ್ದ ಜೆಕೊಸ್ಲೊವಾಕಿಯಾದ ಎಮಿಲ್ ಝಾಟೊಪೆಕ್, 400 ಮೀಟರ್ ಜೋರಾಗಿ ಓಡಿ, ಸ್ವಲ್ಪ ದೂರ ನಿಧಾನಕ್ಕೆ ಓಡಿ, ಮತ್ತೆ ಜೋರು ಎನ್ನುವ ಅಭ್ಯಾಸದಿಂದಲೇ ಹೆಸರಾದವರು.

ನೀವು ನೋಡಿದ ‘ಹತ್ತು ನಿಮಿಷ’ವೂ ಸುಳ್ಳಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗಿಬಾಲಾ ಅವರ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಯಾಮದ ರೂಢಿಯಿಲ್ಲದ ಗಂಡಸರು ವಾರಕ್ಕೆ ಮೂರು ದಿನ, ದಿನಕ್ಕೆ ಹತ್ತು ನಿಮಿಷ ಸೈಕಲ್ ತುಳಿದರು. ಆ ಹತ್ತು ನಿಮಿಷದಲ್ಲಿ ಮೈಯ ಶಕ್ತಿಯನ್ನೆಲ್ಲ ಹಾಕಿ ತುಳಿದದ್ದು 20 ಸೆಕೆಂಡಿನಂತೆ ಮೂರೇ ಸಲ. ಇನ್ನೊಂದು ಗುಂಪು 45 ನಿಮಿಷ ಒಂದೇ ಹದದಲ್ಲಿ ತುಳಿಯಿತು. ಹನ್ನೆರಡು ವಾರ ಕಳೆದಾಗ, ದೇಹ ಆಮ್ಲಜನಕ ಬಳಸಿಕೊಳ್ಳುವ ಸಾಮರ್ಥ್ಯ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಸಮ, ಸುಮಾರು ಶೇ. 19ರಷ್ಟು ಏರಿತ್ತು. ಬೆಳಗಾದರೆ ಅಂಗಡಿ ಬಾಗಿಲು ತೆಗೆಯಬೇಕಾದವರಿಗೆ ಇದು ಸಣ್ಣ ಲಾಭವಲ್ಲ.

ನಾಲ್ಕೇ ನಿಮಿಷದ ‘ಟಬಾಟಾ’ ಹೆಸರನ್ನೂ ನೀವು ಕೇಳಿರುತ್ತೀರಿ. ಜಪಾನಿನ ಇಝುಮಿ ಟಬಾಟಾ 1996ರಲ್ಲಿ ಪ್ರಕಟಿಸಿದ ಕ್ರಮ ಅದು: 20 ಸೆಕೆಂಡು ಜೋರು, 10 ಸೆಕೆಂಡು ಬಿಡುವು, ಹೀಗೆ ಏಳೆಂಟು ಸಲ. ಆದರೆ ಆ ಅಧ್ಯಯನದಲ್ಲಿ ಸೈಕಲ್ ತುಳಿದವರು ಕ್ರೀಡಾ ತರಬೇತಿಯಲ್ಲಿದ್ದ ಹುಡುಗರು, ಕೊನೆಯ ಸುತ್ತಿಗೆ ಕಾಲೇ ಎತ್ತಲಾಗದಷ್ಟು ಜೋರಾಗಿ ತುಳಿದರು. ಟಬಾಟಾ ಅಳೆದದ್ದು ಅವರ ದಮ್ಮನ್ನು, ಹೊಟ್ಟೆಯ ಸುತ್ತಳತೆಯನ್ನಲ್ಲ. ಇದನ್ನು 44ರ ನಿಮ್ಮ ಮುಂದೆ ಹೊಟ್ಟೆ ಕರಗಿಸುವ ಮದ್ದೆಂದು ಇಡುವುದು ನನಗೆ ಸರಿ ಕಾಣುವುದಿಲ್ಲ.

ಈಗ ಕೊಬ್ಬಿನ ವಿಷಯ. ಇಂಟರ್‌ವಲ್ ಮಾಡಿದವರನ್ನೂ ಒಂದೇ ಹದದಲ್ಲಿ ವ್ಯಾಯಾಮ ಮಾಡಿದವರನ್ನೂ ಹೋಲಿಸಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕರಗಿದ ಕೊಬ್ಬಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಕ್ಕಿಲ್ಲ. ಉಳಿಯುವುದು ಸಮಯ. ‘ಆಮೇಲೂ ಇಡೀ ದಿನ ಉರಿಯುತ್ತದೆ’ ಎಂಬುದರಲ್ಲಿ ಒಂದು ಎಳೆ ಸತ್ಯವಿದೆ. ಜೋರಾಗಿ ದಣಿದ ದೇಹ ಸುಧಾರಿಸಿಕೊಳ್ಳಲು ಹೆಚ್ಚು ಆಮ್ಲಜನಕ ಎಳೆಯುತ್ತದೆ, ಅದಕ್ಕೂ ಕ್ಯಾಲರಿ ಖರ್ಚಾಗುತ್ತದೆ. ಆದರೆ ಅದು ವ್ಯಾಯಾಮದಲ್ಲಿ ಉರಿದದ್ದರ ಶೇ. 6ರಿಂದ 15ರಷ್ಟು ಮಾತ್ರ. ಇಂಟರ್‌ವಲ್‌ನಲ್ಲಿ 200 ಕ್ಯಾಲರಿ ಉರಿದರೆ, ಆಮೇಲಿನದು 12ರಿಂದ 30. ಒಂದು ಟೀ ಚಮಚ ಸಕ್ಕರೆಯಲ್ಲೇ ಸುಮಾರು 20 ಕ್ಯಾಲರಿ ಇದೆ. ಹೊಟ್ಟೆಯ ಕೊಬ್ಬನ್ನೇ ಆರಿಸಿ ಕರಗಿಸುವ ವ್ಯಾಯಾಮವಂತೂ ಯಾವುದೂ ಇಲ್ಲ.

ಹಾಗಾದರೆ ನಿಮ್ಮ ತೂಕ ನಿಂತದ್ದೇಕೆ? ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ಎಪ್ಪತ್ತು ಕೆಜಿಯವರು ಹದವಾದ ವೇಗದಲ್ಲಿ ಒಂದು ಗಂಟೆ ನಡೆದರೆ ಖರ್ಚಾಗುವುದು ಸುಮಾರು 250. ಅದರಲ್ಲೂ ಸುಮ್ಮನೆ ಕೂತಿದ್ದರೂ ಆಗುತ್ತಿದ್ದ ಖರ್ಚು ಸೇರಿದೆ. ವಾಕಿಂಗ್ ಮುಗಿಸಿ ಗೆಳೆಯರ ಜೊತೆ ಹೋಟೆಲ್‌ಗೆ ಹೋಗಿ ಒಂದು ಬೆಣ್ಣೆ ಮಸಾಲೆ, ಮೇಲೊಂದು ಕಾಫಿ ಆಯಿತೆಂದರೆ ನಡೆದದ್ದೆಲ್ಲ ಅಲ್ಲೇ ತಟ್ಟೆಯಲ್ಲಿ ವಾಪಸ್ ಬಂತು. ನಿಮಗೆ ಈ ರೂಢಿ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ಗೆಳೆಯರನ್ನು ಬಿಡಬೇಡಿ, ವಾರಕ್ಕೊಂದು ದಿನ ಮಾತ್ರ ದೋಸೆ ಇಟ್ಟುಕೊಳ್ಳಿ. ಅಂಗಡಿಗೆ ಬರುವ ಕಾಫಿಯ ಸಕ್ಕರೆ ಕಡಿಮೆ ಮಾಡಿ. ಮುದ್ದೆ ಬಿಡಬೇಕಿಲ್ಲ. ಎರಡರ ಬದಲು ಒಂದು ಮುದ್ದೆ, ಅದರ ಜಾಗಕ್ಕೆ ಸೊಪ್ಪು, ಕಾಳು, ಬಸ್ಸಾರಿನ ಪಲ್ಯ ಹೆಚ್ಚು ಬರಲಿ. ರಾತ್ರಿ ಅಂಗಡಿ ಮುಚ್ಚಿ ಹತ್ತು ಗಂಟೆಗೆ ಉಂಡು ಹಾಗೇ ಮಲಗುವುದು ನಮ್ಮೂರಿನ ವ್ಯಾಪಾರಸ್ಥರಲ್ಲಿ ಸಾಮಾನ್ಯ. ಹಸಿವು ಕಟ್ಟಿಕೊಂಡು ಬಂದವರ ಕೈ ಅಳತೆ ತಪ್ಪುತ್ತದೆ. ಸಂಜೆ ಏಳಕ್ಕೆ ಒಂದು ಹಿಡಿ ಕಡಲೆಕಾಯಿ ಬೀಜ ತಿಂದಿರಿ.

ವ್ಯಾಯಾಮ ಶುರು ಮಾಡಲು ನಿಮಗೆ ಓಟ ಬೇಡ. ಜಪಾನಿನ ಶಿನ್‌ಶು ವಿಶ್ವವಿದ್ಯಾಲಯದ ಹಿರೋಶಿ ನೋಸೆ ಅವರ ತಂಡ ರೂಪಿಸಿದ ನಡಿಗೆ ನಿಮಗೆ ಹೇಳಿ ಮಾಡಿಸಿದಂತಿದೆ. ಮೂರು ನಿಮಿಷ ಬಿರುಸಾಗಿ, ಮೂರು ನಿಮಿಷ ನಿಧಾನಕ್ಕೆ, ಹೀಗೆ ಐದು ಸಲ, ಒಟ್ಟು ಅರ್ಧ ಗಂಟೆ, ವಾರಕ್ಕೆ ನಾಲ್ಕು ದಿನ. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇದ್ದವರ ಸರಾಸರಿ ವಯಸ್ಸು 63. ಐದು ತಿಂಗಳಲ್ಲಿ ಅವರ ದಮ್ಮೂ ತೊಡೆಯ ಬಲವೂ ಒಂದೇ ಹದದಲ್ಲಿ ನಡೆದವರಿಗಿಂತ ಹೆಚ್ಚು ಬೆಳೆದವು, ರಕ್ತದೊತ್ತಡವೂ ಹೆಚ್ಚು ಇಳಿಯಿತು. ಎಂಟು ತಿಂಗಳಿಂದ ಒಂದೇ ವೇಗಕ್ಕೆ ಒಗ್ಗಿಹೋಗಿರುವ ನಿಮ್ಮ ದೇಹಕ್ಕೆ ಬೇಕಾಗಿರುವುದೂ ಇಂಥ ಬದಲಾವಣೆಯೇ.

ಬಿರುಸು ಎಂದರೆ ಎಷ್ಟು ಎಂದು ತಿಳಿಯಲು ಪಕ್ಕದವರೊಡನೆ ಮಾತಾಡಿ ನೋಡಿ. ಪೂರ್ತಿ ವಾಕ್ಯ ಸಲೀಸಾಗಿ ಬಂದರೆ ವೇಗ ಸಾಲದು. ಎರಡು ಮೂರು ಪದಕ್ಕೊಮ್ಮೆ ಉಸಿರು ತಗೊಳ್ಳಬೇಕಾದರೆ ಸರಿ. ಒಂದು ಪದವೂ ಹೊರಡದಿದ್ದರೆ ಅತಿಯಾಯಿತು. ಮೊದಲ ಐದು ನಿಮಿಷ ಆರಾಮಾಗಿ ನಡೆದು ಮೈ ಬಿಸಿಯಾದ ಮೇಲೆಯೇ ಶುರು ಮಾಡಿ, ಧನುರ್ಮಾಸದ ಚಳಿಯಲ್ಲಿ ಹತ್ತು ನಿಮಿಷ. ಉಳಿದ ದಿನಗಳಲ್ಲಿ ಎರಡು ದಿನ ಮಾಮೂಲಿ ವಾಕಿಂಗ್ ಇರಲಿ. ವಾರಕ್ಕೆರಡು ಸಲ ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು ಸೇರಲಿ. ತೂಕ ಇಳಿಯುವಾಗ ಸ್ನಾಯು ಸೊರಗದಂತೆ ಕಾಯುವುದು ಇವು.

ಹಾಸನದವರಿಗೆ ಉತ್ತರ ಬರೆಯುವಾಗ ಈ ಮಾತು ಬಿಡಲಾರೆ. 2025ರ ಮೇ, ಜೂನ್‌ನಲ್ಲಿ ನಮ್ಮ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿ ಒಂದರ ಹಿಂದೊಂದು ಬಂದಾಗ ಎಷ್ಟೋ ಮನೆಗಳಲ್ಲಿ ಭಯ ಹೊಕ್ಕಿತು. ಸರ್ಕಾರ ತಜ್ಞರ ಸಮಿತಿ ರಚಿಸಿತು, ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ಆ ಭಯಕ್ಕೆ ಕೂತುಬಿಡುವುದು ತಪ್ಪು. ನಲವತ್ತು ದಾಟಿದ ಮೇಲೆ ಏನನ್ನೂ ನೋಡಿಸಿಕೊಳ್ಳದೆ ಏಕ್‌ದಂ ಜೋರು ವ್ಯಾಯಾಮಕ್ಕೆ ಇಳಿಯುವುದೂ ತಪ್ಪು. ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ಬೀಡಿ ಸಿಗರೇಟಿನ ಚಟವಿದ್ದರೆ, ತಂದೆಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಬಂದಿದ್ದರೆ ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ನಡೆಯುವಾಗ ಎದೆ ಹಿಡಿದಂತಾದರೆ, ದವಡೆಗೋ ಎಡಗೈಗೋ ನೋವು ಇಳಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಗ್ಯಾಸ್ ಎಂದು ಸೋಡಾ ಕುಡಿದು ಕಾಯುತ್ತ ಕೂರಬೇಡಿ, ನಿಮ್ಮ ದಮ್ಮಯ್ಯ.

ತಕ್ಕಡಿಯನ್ನು ದಿನಾ ಹತ್ತಬೇಡಿ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಟೇಪಿನಿಂದ ಸೊಂಟದ ಸುತ್ತಳತೆ ನೋಡಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದರೊಳಗಿದ್ದರೆ ಒಳ್ಳೆಯದು. ದಮ್ಮು ಅಳೆಯಲು ಯಂತ್ರವೂ ಬೇಡ, ಜಿಲ್ಲೆಯಲ್ಲೇ ಶ್ರವಣಬೆಳಗೊಳ ಇದೆ. ವಿಂಧ್ಯಗಿರಿಯ ಬಂಡೆಯಲ್ಲಿ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲೇ ಹತ್ತಬೇಕು. ಎಲ್ಲರೂ ಹತ್ತಿ, ನಿಂತು, ಸುಧಾರಿಸಿಕೊಂಡು ಮತ್ತೆ ಹತ್ತುತ್ತಾರೆ, ಅದೂ ಇಂಟರ್‌ವಲ್ಲೇ. ವೈದ್ಯರು ಒಪ್ಪಿದ ಮೇಲೆ ಬಂಡೆ ಕಾಯುವ ಮುಂಚೆ, ಬೆಳಿಗ್ಗೆ ಹೋಗಿ. ಎಷ್ಟನೇ ಮೆಟ್ಟಿಲಿಗೆ ಮೊದಲ ಸಲ ನಿಂತಿರಿ ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಮೂರು ತಿಂಗಳು ಈ ನಡಿಗೆ ಮಾಡಿ ಇನ್ನೊಮ್ಮೆ ಹತ್ತಿ, ಎರಡೂ ಲೆಕ್ಕ ನನಗೆ ಬರೆದು ಕಳಿಸಿ.